ಮಕ್ಕಳಿಗೆ ವಿಂಗಡಣೆಯ ಪಾಠ

ಮಕ್ಕಳ ವಿದ್ಯಾಭ್ಯಾಸವೆಂದರೆ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ, ಟ್ಯೂಶನ್ನು ಇಷ್ಟೇ ಎಂದು ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಹೋಟೆಲಿನ ಅಡಿಗೆಮನೆಯಲ್ಲಿಯೋ ಕಚೇರಿಯ ಮೇಜಿನ ಮುಂದೆಯೋ ದಿನದ ಹತ್ತು ಹನ್ನೆರಡು ಗಂಟೆಗಳನ್ನು ಸವೆಸುವ ತಂದೆಯು, "ನಾನು ಹೆಚ್ಚು ಓದಿದವನಲ್ಲ, ಮಗುವಿಗೆ ನಾನೇನು ಕಲಿಸಿಯೇನು?" ಎಂದು ನಿಟ್ಟುಸಿರುಬಿಟ್ಟು, ಆ ಭಾರವನ್ನೆಲ್ಲ ಶಾಲೆಯ ಮೇಲೆ ಹೊರಿಸಿ ಸುಮ್ಮನಾಗುತ್ತಾನೆ. ಈ ನಿರಾಶೆಗೆ ಕಾರಣವಿಲ್ಲವೆಂಬುದು ನಮ್ಮ ಅಭಿಪ್ರಾಯ. ಎಲ್ಲ ಶಾಸ್ತ್ರಗಳಿಗೂ ತಳಹದಿಯಾದ ಒಂದು ವಿದ್ಯೆಯುಂಟು. ಅದನ್ನು ಕಲಿಸಲು ಪದವಿ ಬೇಡ, ಹಣ ಬೇಡ, ಪ್ರತ್ಯೇಕ ಕೋಣೆಯೂ ಬೇಡ. ವಸ್ತುಗಳನ್ನು ಕಂಡು, ಮುಟ್ಟಿ, ಮೂಸಿ, ಅವುಗಳ ಗುಣಲಕ್ಷಣಗಳಿಗನುಸಾರವಾಗಿ ಬೇರ್ಪಡಿಸಿ ಗುಂಪು ಮಾಡುವ ವಿದ್ಯೆಯೇ ಅದು. ಅದನ್ನು ವಿಂಗಡಣೆಯೆನ್ನಿ, ವರ್ಗೀಕರಣವೆನ್ನಿ. ಹೆಸರು ಯಾವುದಾದರೇನು, ನಮ್ಮ ವಾಚಕರಲ್ಲಿ ಬಹುಮಂದಿಗೆ ಅದು ದಿನನಿತ್ಯದ ಕಸುಬೇ ಆಗಿದೆ.

ಕಸುಬಿನಲ್ಲಿ ಅಡಗಿದ ವಿದ್ಯೆ

ಹೋಟೆಲಿನ ಉಗ್ರಾಣವನ್ನು ನೋಡಿಕೊಳ್ಳುವವನನ್ನೇ ತೆಗೆದುಕೊಳ್ಳೋಣ. ದೋಸೆಗೆ ನೆನೆಹಾಕುವ ಅಕ್ಕಿ ಯಾವುದು, ಊಟದ ಅಕ್ಕಿ ಯಾವುದು, ಕುಚ್ಚಲಕ್ಕಿ ಯಾವುದು ಎಂದು ತಿಳಿಯಲು ಅವನು ಚೀಲದ ಮೇಲಿನ ಅಕ್ಷರವನ್ನು ಓದಬೇಕಾಗಿಲ್ಲ. ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಅದರ ಉದ್ದ, ದಪ್ಪ, ಬಣ್ಣಗಳನ್ನು ಕಂಡು, ಎರಡು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಹೇಳಿಬಿಡುತ್ತಾನೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ಬೆರಳುಗಳು, ಕಣ್ಣು ಬೇರೆಡೆ ಇದ್ದಾಗಲೂ ನಾಣ್ಯಗಳನ್ನು ಬೇರೆ ಬೇರೆ ಕುಣಿಗಳಿಗೆ ಹಾಕುತ್ತಿರುತ್ತವೆ. ಕಚೇರಿಯ ಗುಮಾಸ್ತನು ಬೆಳಿಗ್ಗೆ ಬಂದ ಕಾಗದದ ಕಟ್ಟನ್ನು ಬಿಚ್ಚಿ, ಆವಕ ಯಾವುದು, ಜಾವಕ ಯಾವುದು, ಇಂದೇ ಉತ್ತರ ಬರೆಯತಕ್ಕದ್ದು ಯಾವುದು, ಕಡತಕ್ಕೆ ಸೇರತಕ್ಕದ್ದು ಯಾವುದು ಎಂದು ಕಾಲು ಗಂಟೆಯಲ್ಲಿ ಬೇರ್ಪಡಿಸುತ್ತಾನೆ.

ಈ ಮೂವರೂ ಮಾಡುವ ಕೆಲಸದ ಒಳತಿರುಳು ಒಂದೇ. ವಸ್ತುವಿನಲ್ಲಿ ಒಂದು ಗುರುತನ್ನು ಕಾಣುವುದು. ಆ ಗುರುತುಳ್ಳವುಗಳನ್ನೆಲ್ಲ ಒಂದೆಡೆ ಸೇರಿಸುವುದು. ಇಲ್ಲದವುಗಳನ್ನು ಬೇರೆ ಇಡುವುದು. ಸಸ್ಯಶಾಸ್ತ್ರಜ್ಞನೂ ವೈದ್ಯನೂ ಮಾಡುವುದು ಇದನ್ನೇ. ಅವರು ನೋಡುವ ಗುರುತುಗಳು ಹೆಚ್ಚು ಸೂಕ್ಷ್ಮವಾದವು, ಅಷ್ಟೇ. ಆದುದರಿಂದ ಉಗ್ರಾಣದಲ್ಲಿ ದುಡಿಯುವ ತಂದೆಯು ತನಗೆ ಏನೂ ತಿಳಿಯದೆಂದು ಹೇಳುವುದು, ತುಂಬಿದ ಕಣಜದ ಮೇಲೆ ಕುಳಿತು ಕಾಳಿಲ್ಲವೆಂದಂತೆ.

ಮಗುವಿನ ಮನಸ್ಸು ನಡೆಯುವ ಬಗೆ

ಕಲಿಸುವ ಮೊದಲು ಮಗುವಿನ ಮನಸ್ಸು ಹೇಗೆ ನಡೆಯುತ್ತದೆಂಬುದನ್ನು ಅರಿತಿರುವುದು ಲೇಸು. ನಾಲ್ಕು ವರ್ಷದ ಮಗುವಿನ ಮುಂದೆ ಲೋಟ, ಚಮಚ, ಗುಂಡಿ, ನಾಣ್ಯ, ಸೀಸೆಯ ಮುಚ್ಚಳ ಇವುಗಳನ್ನಿಟ್ಟು, "ಒಂದೇ ಬಗೆಯವನ್ನು ಒಟ್ಟಿಗಿಡು" ಎಂದು ಹೇಳಿದರೆ, ಅದು ಲೋಟದ ಪಕ್ಕದಲ್ಲಿ ಚಮಚವನ್ನು ಇಟ್ಟೀತು. ಏಕೆಂದು ಕೇಳಿದರೆ, "ಅಮ್ಮ ಹಾಲಿಗೆ ಸಕ್ಕರೆ ಹಾಕುವಾಗ ಎರಡೂ ಇರುತ್ತವೆ" ಎಂದೀತು. ಮತ್ತೊಮ್ಮೆ, ಕೆಂಪು ಗುಂಡಿಯ ಪಕ್ಕದಲ್ಲಿ ಕೆಂಪು ಮುಚ್ಚಳವನ್ನಿಡುತ್ತದೆ; ಮುಚ್ಚಳವು ದುಂಡಗಿರುವುದನ್ನು ಕಂಡು ಅದರ ಪಕ್ಕದಲ್ಲಿ ನಾಣ್ಯವನ್ನಿಡುತ್ತದೆ; ನಾಣ್ಯವು ಹೊಳೆಯುವುದರಿಂದ ಅದರ ಪಕ್ಕದಲ್ಲಿ ಚಮಚ ಬಂದು ಕೂಡುತ್ತದೆ. ಕೊನೆಗೆ ನೋಡಿದರೆ ಮೊದಲನೆಯದಕ್ಕೂ ಕಡೆಯದಕ್ಕೂ ಸಂಬಂಧವೇ ಇರುವುದಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿಯು 1934ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಥ ಜೋಡಣೆಯನ್ನು ಸರಪಳಿಗೆ ಹೋಲಿಸಿದ್ದಾನೆ. ಒಂದೊಂದು ಕೊಂಡಿಯೂ ಮುಂದಿನದಕ್ಕೆ ಸೇರಿದೆ; ಆದರೆ ಇಡೀ ಸರಪಳಿಯನ್ನು ಹಿಡಿದಿಡುವ ಗುರುತು ಒಂದೂ ಇಲ್ಲ.

ಇನ್ನೊಂದು ಸಂಗತಿಯನ್ನು ಸ್ವಿಟ್ಸರ್ಲೆಂಡಿನ ಜೀನ್ ಪಿಯಾಜೆ ತೋರಿಸಿಕೊಟ್ಟನು. ಮರದ ಮಣಿಗಳ ರಾಶಿಯೊಂದರಲ್ಲಿ ಹೆಚ್ಚಿನವು ಕಂದು, ಎರಡು ಮಾತ್ರ ಬಿಳಿ. "ಕಂದು ಮಣಿಗಳು ಹೆಚ್ಚೋ, ಮರದ ಮಣಿಗಳು ಹೆಚ್ಚೋ?" ಎಂದು ಕೇಳಿದರೆ, ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳು ಸಾಮಾನ್ಯವಾಗಿ "ಕಂದು ಮಣಿಗಳೇ ಹೆಚ್ಚು" ಎನ್ನುತ್ತಾರೆ. ಮಣಿಗಳೆಲ್ಲ ಮರದವೆಂದು ಅವರಿಗೆ ಗೊತ್ತು. ಆದರೆ ಇಡೀ ಗುಂಪನ್ನೂ ಅದರ ಒಳಗುಂಪನ್ನೂ ಒಂದೇ ಸಮಯಕ್ಕೆ ಮನಸ್ಸಿನಲ್ಲಿ ಹಿಡಿದಿಡುವುದು ಆ ವಯಸ್ಸಿಗೆ ಕಷ್ಟ. ನಮ್ಮ ವಾಚಕರು ಐದು ಬಾಳೆಹಣ್ಣು, ಎರಡು ಚಿಕ್ಕುಹಣ್ಣುಗಳನ್ನು ತಟ್ಟೆಯಲ್ಲಿಟ್ಟು, "ಬಾಳೆಹಣ್ಣು ಹೆಚ್ಚೋ, ಹಣ್ಣು ಹೆಚ್ಚೋ?" ಎಂದು ಕೇಳಿ ನೋಡಬಹುದು. ಉತ್ತರ ತಪ್ಪಾದರೆ ಗದರಿಸುವುದು ಅನ್ಯಾಯವಾದೀತು. ಮಾವಿನ ಮಿಡಿಯನ್ನು ಹಿಂಡಿ ಹಣ್ಣು ಮಾಡಲಾಗುವುದಿಲ್ಲ. ಅದು ಮರದಲ್ಲಿ ಬಲಿಯಬೇಕು. ಮಗುವಿನ ಬುದ್ಧಿಯೂ ಹಾಗೆಯೇ. ಆದರೆ ಮರಕ್ಕೆ ನೀರು ಬಿಸಿಲುಗಳು ದೊರೆಯುವಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.

ಕೂಲಿಕಾರರ ಮಕ್ಕಳಿಂದ ಆರಂಭ

ಈ ಬಗೆಯ ಶಿಕ್ಷಣವು ಶ್ರೀಮಂತರ ಮನೆಗಳಲ್ಲಿ ಹುಟ್ಟಿದುದೆಂದು ಯಾರೂ ತಿಳಿಯಬಾರದು. 1907ರಲ್ಲಿ ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿಯವರು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತಮ್ಮ ಮೊದಲ ಶಿಶುವಿಹಾರವನ್ನು ತೆರೆದರು. ತಂದೆತಾಯಿಗಳು ದುಡಿಮೆಗೆ ಹೋದಮೇಲೆ ಮನೆಯಲ್ಲಿ ಉಳಿದ ಮಕ್ಕಳೇ ಅವರ ವಿದ್ಯಾರ್ಥಿಗಳು. ಬಣ್ಣದ ಫಲಕಗಳನ್ನು ಜೋಡಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅರಿವೆಯ ತುಂಡುಗಳ ನುಣುಪು ಒರಟುಗಳನ್ನು ಬೆರಳಿನಿಂದಲೇ ಗುರುತಿಸುವುದು, ದಪ್ಪ ತೆಳುವಿನ ಮರದ ಉರುಳೆಗಳನ್ನು ಅವವುಗಳ ಕುಳಿಯಲ್ಲಿ ಕೂರಿಸುವುದು, ಇವು ಅಲ್ಲಿನ ಪಾಠಗಳಾದವು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧಕಾಲವನ್ನು ಭಾರತದಲ್ಲಿಯೇ ಕಳೆದು, ಇಲ್ಲಿ ನೂರಾರು ಶಿಕ್ಷಕರನ್ನು ತರಬೇತುಗೊಳಿಸಿದರು.

ಆದರೆ ಆ ಉಪಕರಣಗಳು ಬೆಲೆಬಾಳುವಂಥವು; ಹಳ್ಳಿಯ ಬಡಮಕ್ಕಳಿಗೆ ಎಟುಕುವಂಥವಲ್ಲ. ಈ ತೊಡಕನ್ನು ಬಿಡಿಸಿದ ಕೀರ್ತಿ ಮುಂಬಯಿಯಲ್ಲಿ ಜನಿಸಿದ ತಾರಾಬಾಯಿ ಮೋಡಕ್ ಅವರಿಗೆ ಸಲ್ಲಬೇಕು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ ಗಿಜುಭಾಯಿ ಬಧೇಕಾ ಅವರೊಡನೆ ಕೆಲಸ ಮಾಡಿದ ಈ ಮಹಿಳೆ, 1945ರಲ್ಲಿ ಮುಂಬಯಿಗೆ ಉತ್ತರದ ಸಮುದ್ರತೀರದ ಬೋರ್ಡಿ ಗ್ರಾಮದಲ್ಲಿ ಶಿಶುಶಿಕ್ಷಣದ ಕೇಂದ್ರವನ್ನು ಆರಂಭಿಸಿದರು. 1957ರಲ್ಲಿ ಆ ಕಾರ್ಯವು ಕೋಸಬಾಡ ಬೆಟ್ಟದ ಆದಿವಾಸಿಗಳ ನಡುವೆ ಮುಂದುವರಿಯಿತು. ಅಲ್ಲಿ ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆ, ಬೀಜಗಳೇ ಕಲಿಕೆಯ ಉಪಕರಣಗಳಾದವು. ಶಾಲೆಗೆ ಬಾರದ ಮಕ್ಕಳಿದ್ದ ಅಂಗಳಕ್ಕೇ ಶಾಲೆಯನ್ನು ಒಯ್ದ ಅವರ ಪ್ರಯೋಗವು ಮುಂದೆ ದೇಶಕ್ಕೆಲ್ಲ ಪರಿಚಿತವಾದ ಅಂಗನವಾಡಿಗೆ ದಾರಿತೋರಿತು. ಬೋರ್ಡಿಯ ಅಂಗಳದಲ್ಲಿ ಸಾಧ್ಯವಾದುದು ಚಾಳಿನ ಹತ್ತಡಿ ಖೋಲಿಯಲ್ಲಿ ಸಾಧ್ಯವಾಗಲಾರದೇ?

ಅಡಿಗೆಮನೆಯ ಪಾಠಗಳು

ಇನ್ನು ಕಲಿಸುವ ಕ್ರಮವನ್ನು ಹೇಳುವೆವು. ಮೊದಲ ಪಾಠಕ್ಕೆ ಒಂದು ಸ್ಟೀಲಿನ ತಟ್ಟೆ ಸಾಕು. ಅದರಲ್ಲಿ ತೊಗರಿ, ಹೆಸರು, ಉದ್ದು, ಕಡಲೆ, ನೆಲಗಡಲೆ, ಗೋಧಿ, ಜೋಳ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿಡಿ. ಬೇಳೆ ಬೇಡ, ಒಡೆಯದ ಇಡೀ ಕಾಳುಗಳೇ ಇರಲಿ. "ನಿನಗೆ ತೋಚಿದಂತೆ ಗುಂಪು ಮಾಡು, ಮಗಾ" ಎಂದಷ್ಟೇ ಹೇಳಿ ಸುಮ್ಮನಿರಿ. ಮಗು ಬಣ್ಣವನ್ನು ನೋಡಿ ಗುಂಪು ಮಾಡಬಹುದು. ಗಾತ್ರವನ್ನು ನೋಡಿಯೂ ಮಾಡಬಹುದು. ಯಾವುದನ್ನೂ ತಪ್ಪೆನ್ನಬೇಡಿ. ಅದು ಮುಗಿಸಿದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಕೇಳಿ: "ಇವನ್ನು ಯಾವ ಗುರುತಿನಿಂದ ಒಟ್ಟು ಸೇರಿಸಿದೆ?"

ಈ ಪ್ರಶ್ನೆಯೇ ಪಾಠದ ಜೀವಾಳ. ಕೈ ಮಾಡಿದುದನ್ನು ಬಾಯಿ ಹೇಳುವಂತಾದಾಗ ಮಾತ್ರ ಗುರುತು ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಮೇಲೆ ಹೇಳಿದ ಸರಪಳಿಯ ಜೋಡಣೆಯಾಗಿದ್ದರೆ, ಉತ್ತರ ಹೇಳಹೊರಟ ಮಗುವಿಗೇ ಅದು ಹೊಂದುವುದಿಲ್ಲವೆಂದು ಹೊಳೆಯುತ್ತದೆ. ಬಳಿಕ ಎಲ್ಲವನ್ನೂ ಮತ್ತೆ ಬೆರೆಸಿ, "ಈಗ ಬೇರೊಂದು ಗುರುತಿನಿಂದ ಗುಂಪು ಮಾಡು" ಎನ್ನಿ. ವಸ್ತುಗಳು ಅವೇ ಇದ್ದು, ಗುರುತು ಬದಲಾದೊಡನೆ ಗುಂಪುಗಳೂ ಬದಲಾಗುವವೆಂಬ ಅರಿವು ಮಗುವಿಗೆ ದೊಡ್ಡ ಲಾಭ.

ಎರಡನೆಯ ಪಾಠ ಒಂದು ರಾತ್ರಿಯದು. ಅವೇ ಕಾಳುಗಳನ್ನು ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಮಗುವಿನ ಕೈಯಿಂದಲೇ ಒತ್ತಿಸಿ ನೋಡಿಸಿ. ತೊಗರಿ, ಹೆಸರು, ಉದ್ದು, ಕಡಲೆಗಳು ಸಿಪ್ಪೆ ಕಳಚಿ ಎರಡು ಹೋಳಾಗುತ್ತವೆ. ಹೋಳುಗಳ ತುದಿಯಲ್ಲಿ ಪುಟ್ಟ ಮೊಳಕೆ ಕಾಣಿಸುತ್ತದೆ. ಗೋಧಿಯೂ ಜೋಳವೂ ಹಾಗೆ ಹೋಳಾಗುವುದಿಲ್ಲ. ನಾವು ಬಾಯಿಪಾಠದಿಂದ ಹೇಳುವ ದ್ವಿದಳ, ಏಕದಳ ಎಂಬ ಮಾತುಗಳು ಇಲ್ಲಿ ಕಣ್ಣಿಗೆ ಕಂಡವು. ನೆಲಗಡಲೆಯನ್ನು ಮಗು ಎಲ್ಲಿ ಸೇರಿಸುತ್ತದೆಂಬುದನ್ನು ವಿಶೇಷವಾಗಿ ಗಮನಿಸಿ. ಮಣ್ಣಿನೊಳಗೆ ಬೆಳೆಯುವ ಕಾರಣ ಅದನ್ನು ಗೆಡ್ಡೆಯೆಂದು ಭಾವಿಸುವವರು ದೊಡ್ಡವರಲ್ಲಿಯೂ ಇದ್ದಾರೆ. ನೆನೆದು ಎರಡು ಹೋಳಾದಾಗ, ಅದು ಕಡಲೆ ತೊಗರಿಗಳ ಬಂಧುವೆಂದು ತಾನೇ ಸಾರಿ ಹೇಳುತ್ತದೆ.

ಮೂರನೆಯದು ಮಸಾಲೆಯ ಡಬ್ಬಿ. ಗಿಡದ ಯಾವ ಭಾಗವೆಂಬ ಗುರುತಿನಿಂದ ಇಲ್ಲಿ ಗುಂಪು ಮಾಡಿಸಿ. ದಾಲ್ಚಿನ್ನಿಯು ಮರದ ತೊಗಟೆ. ಲವಂಗವು ಅರಳದ ಮೊಗ್ಗು, ನೀರಿನಲ್ಲಿ ನೆನೆಸಿ ಬಿಡಿಸಿದರೆ ಅದರ ಮುಚ್ಚಿದ ಎಸಳುಗಳು ಕಾಣುತ್ತವೆ. ಏಲಕ್ಕಿ ಕಾಯಿ, ಸಾಸಿವೆ ಮೆಂತ್ಯಗಳು ಬೀಜ, ಇಂಗು ಬೇರಿನಿಂದ ಒಸರಿದ ಅಂಟು. ಶುಂಠಿಯನ್ನೂ ಅರಿಶಿನದ ಕೊಂಬನ್ನೂ ಮಗು ಬೇರಿನ ಗುಂಪಿಗೆ ಹಾಕಿದರೆ, ಅವುಗಳ ಮೈಮೇಲಿನ ಉಂಗುರದಂಥ ಗೆಣ್ಣುಗಳನ್ನು ತೋರಿಸಿ, ಕಬ್ಬಿನ ಗೆಣ್ಣಿನ ನೆನಪು ಮಾಡಿಸಿ. ಗೆಣ್ಣೂ ಮೊಳಕೆಯ ಕಣ್ಣೂ ಇರುವುದು ಕಾಂಡಕ್ಕೆ. ಇದೇ ಗುರುತಿನಿಂದ ಬಟಾಟೆಯೂ ಕಾಂಡವೇ. ಗೆಣಸು, ಗಜ್ಜರಿಗಳು ಬೇರು. ಈರುಳ್ಳಿಯ ಪದರಗಳು ದಪ್ಪಗಾದ ಎಲೆಬುಡಗಳು. ಮೂರೂ ಮಣ್ಣಿನೊಳಗಿನಿಂದಲೇ ಬಂದರೂ ಮೂರು ಕುಲದವು.

ನಾಲ್ಕನೆಯ ಪಾಠ ಕಾಫಿಯ ಬೀಜ. ಹುಡಿಮಾಡದ ಒಂದು ಹಿಡಿ ಬೀಜವನ್ನು ತಂದು ಹರಡಿದರೆ, ಹೆಚ್ಚಿನವು ಒಂದು ಕಡೆ ಚಪ್ಪಟೆಯಾಗಿಯೂ ಕೆಲವು ಪೂರ್ತಿ ಗುಂಡಗೂ ಇರುವುದು ಕಾಣುತ್ತದೆ. ಗುಂಡಗಿನವಕ್ಕೆ ವ್ಯಾಪಾರದಲ್ಲಿ ಪೀಬೆರಿ ಎನ್ನುತ್ತಾರೆ. ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜಗಳು ಎದುರುಬದುರಾಗಿ ಒತ್ತಿಕೊಂಡು ಬೆಳೆಯುವುದರಿಂದ ಒಂದೊಂದರ ಒಳಮೈ ಚಪ್ಪಟೆಯಾಗುತ್ತದೆ. ಒಂದೇ ಬೀಜವಿದ್ದಾಗ ಅದು ತನಗೆ ಬೇಕಾದಂತೆ ಗುಂಡಗೆ ಬೆಳೆಯುತ್ತದೆ. ಕಾರಣವನ್ನು ಒಡನೆಯೇ ಹೇಳಿಬಿಡಬೇಡಿ. ಎರಡು ಚಪ್ಪಟೆ ಬೀಜಗಳನ್ನು ಒಂದಕ್ಕೊಂದು ಹೊಂದಿಸಿ ಕೈಗೆ ಕೊಟ್ಟರೆ, ಚುರುಕಾದ ಮಗು ತಾನೇ ಊಹಿಸೀತು. ವಿಂಗಡಣೆಯು ಕಾರಣದ ವಿಚಾರಕ್ಕೆ ಒಯ್ಯುವುದು ಹೀಗೆ.

ಐದನೆಯದಾಗಿ, ಕಣ್ಣಿಗೆ ಕಾಣದ ಗುಣವನ್ನು ಪರೀಕ್ಷೆಯಿಂದ ಕಾಣಿಸುವುದು. ಒಂದು ಪುಟ್ಟ ಅಯಸ್ಕಾಂತವನ್ನು ಮಗುವಿಗೆ ಕೊಟ್ಟು, ಮನೆಯ ಪಾತ್ರೆಗಳನ್ನೆಲ್ಲ ಮುಟ್ಟಿಸಲಿ. ಹಿತ್ತಾಳೆ, ಅಲ್ಯೂಮಿನಿಯಂ ಅಂಟುವುದಿಲ್ಲ. ದೋಸೆಯ ಕಬ್ಬಿಣದ ಕಾವಲಿ ಅಂಟುತ್ತದೆ. ಸೋಜಿಗವಿರುವುದು ಸ್ಟೀಲಿನಲ್ಲಿ. ಒಂದೇ ಹೊಳಪಿನ ಎರಡು ತಟ್ಟೆಗಳಲ್ಲಿ ಒಂದು ಅಂಟಿ, ಇನ್ನೊಂದು ಅಂಟದಿರಬಹುದು. ನಿಕಲ್ ತಕ್ಕಷ್ಟು ಬೆರೆತ ಸ್ಟೀಲನ್ನು ಅಯಸ್ಕಾಂತವು ಸಾಮಾನ್ಯವಾಗಿ ಎಳೆಯುವುದಿಲ್ಲ. ನೋಟಕ್ಕೆ ಒಂದಾಗಿದ್ದುದು ಗುಣದಲ್ಲಿ ಬೇರೆಯಾಗಿರಬಹುದೆಂಬ ತಿಳಿವು ಬದುಕಿನುದ್ದಕ್ಕೂ ಉಪಯೋಗಕ್ಕೆ ಬರತಕ್ಕದ್ದು. ಕಣ್ಣುಮುಚ್ಚಿಸಿ ಚೀಲದೊಳಗಿನ ನಾಣ್ಯಗಳನ್ನು ಬೆರಳಿನಿಂದಲೇ ಹೇಳಿಸುವುದೂ ಒಳ್ಳೆಯ ಆಟ. ಇಪ್ಪತ್ತು ರೂಪಾಯಿಯ ನಾಣ್ಯದ ಹನ್ನೆರಡು ಅಂಚುಗಳನ್ನು ಬೆರಳು ಬೇಗ ಕಂಡುಹಿಡಿಯುತ್ತದೆ.

ಎರಡು ಎಚ್ಚರಿಕೆಯ ಮಾತುಗಳನ್ನು ಇಲ್ಲಿ ಹೇಳಲೇಬೇಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಗುಂಡಿ, ನಾಣ್ಯ, ಅಯಸ್ಕಾಂತಗಳನ್ನು ಕೊಡಬಾರದು. ಬಾಯಿಗೋ ಮೂಗಿಗೋ ಹಾಕಿಕೊಂಡಾರು. ದೊಡ್ಡ ಮಕ್ಕಳಿಗೂ ಅಯಸ್ಕಾಂತವನ್ನು ಕೊಟ್ಟಾಗ ಹಿರಿಯರೊಬ್ಬರು ಬಳಿಯಲ್ಲಿರಲಿ. ಎರಡನೆಯದು, ಗುರುತಿಲ್ಲದ ಕಾಯಿ ಬೀಜಗಳನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುವ ಅಭ್ಯಾಸ ಯಾವ ಮಗುವಿಗೂ ಬರಬಾರದು. ನೋಡಲು ಚೆಲುವಾದ ಗುಲಗಂಜಿಯು ವಿಷವೆಂಬುದನ್ನು ಊರಿನ ಹಿರಿಯರೆಲ್ಲ ಬಲ್ಲರು.

ಹೊಂದದೆ ಉಳಿಯುವ ವಸ್ತು

ಗುಂಪು ಮಾಡುವಾಗ ಒಂದೆರಡು ವಸ್ತುಗಳು ಎಲ್ಲಿಯೂ ಹೊಂದದೆ ಉಳಿಯುವುದುಂಟು. ತಂದೆತಾಯಿಗಳು ಅವಸರದಿಂದ ಅವನ್ನು ಯಾವುದಾದರೊಂದು ರಾಶಿಗೆ ತಳ್ಳಿಬಿಡುತ್ತಾರೆ. ಹಾಗೆ ಮಾಡದಿರಿ, ಹೊಂದದೆ ಉಳಿದುದೇ ಅತ್ಯುತ್ತಮ ಗುರು. ಬಾವಲಿಯು ಹಾರುತ್ತದೆ, ಆದರೆ ಮೈಮೇಲೆ ಗರಿಯಿಲ್ಲ, ಮರಿಗೆ ಹಾಲೂಡುತ್ತದೆ. ಅದು ಹಕ್ಕಿಯೇ? ತಿಮಿಂಗಿಲವು ನೀರಿನಲ್ಲಿ ಈಜುತ್ತದೆ, ಆದರೆ ಉಸಿರಾಡಲು ಮೇಲಕ್ಕೆ ಬರುತ್ತದೆ. ಅದು ಮೀನೇ? ಜೀವಿಗಳ ವರ್ಗೀಕರಣದ ಪಿತಾಮಹನೆನಿಸಿದ ಸ್ವೀಡನ್ನಿನ ಲಿನೇಯಸನು 1735ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಮಿಂಗಿಲವನ್ನು ಮೀನುಗಳ ಗುಂಪಿನಲ್ಲಿಯೇ ಇಟ್ಟಿದ್ದನು. 1758ರ ಹತ್ತನೆಯ ಆವೃತ್ತಿಯಲ್ಲಿ ಅದನ್ನು ಅಲ್ಲಿಂದ ತೆಗೆದು, ಮರಿಗೆ ಮೊಲೆಯೂಡುವ ಪ್ರಾಣಿಗಳೊಡನೆ ಸೇರಿಸಿದನು. ಅಂಥ ಪಂಡಿತನೇ ಗುಂಪನ್ನು ಬದಲಿಸಿದ ಮೇಲೆ, ನಮ್ಮ ಮಗು ಬದಲಿಸಿದರೆ ಕುಂದೇನು?

ನಮ್ಮ ಪೂರ್ವಿಕರೂ ಜೀವಿಗಳನ್ನು ಹುಟ್ಟುವ ಬಗೆಯಿಂದ ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದ್ದರು. ಬೆವರಿನಿಂದ ಹುಟ್ಟುವ ಹುಳುಗಳೆಂಬ ಮೂರನೆಯ ಗುಂಪು ಬಹುಕಾಲ ನಿಂತಿತು. ಕೊಳೆತ ವಸ್ತುವಿನಿಂದ ಹುಳು ತಾನಾಗಿ ಹುಟ್ಟುವುದೆಂಬ ನಂಬಿಕೆ ಯುರೋಪಿನಲ್ಲಿಯೂ ಇತ್ತು. 1668ರಲ್ಲಿ ಇಟಲಿಯ ಫ್ರಾಂಚೆಸ್ಕೊ ರೆಡಿ ಎಂಬಾತನು, ಬಟ್ಟೆ ಮುಚ್ಚಿದ ಜಾಡಿಯ ಮಾಂಸದಲ್ಲಿ ಹುಳುವಾಗದೆ, ತೆರೆದ ಜಾಡಿಯಲ್ಲಿ ಮಾತ್ರ ಆಗುವುದನ್ನು ತೋರಿಸಿ, ನೊಣದ ಮೊಟ್ಟೆಯಿಂದಲೇ ಹುಳುಗಳು ಬರುವವೆಂದು ಸಿದ್ಧಪಡಿಸಿದನು. ಹಿರಿಯರ ವಿಂಗಡಣೆಯನ್ನೂ ಕಣ್ಣಿನ ಸಾಕ್ಷ್ಯದಿಂದ ತಿದ್ದಬಹುದೆಂಬ ಧೈರ್ಯವೇ ವಿಜ್ಞಾನ. ತೆರವಾದ ಜಾಗವನ್ನು ತೆರವಾಗಿಯೇ ಬಿಡುವ ತಾಳ್ಮೆಯೂ ವಿಜ್ಞಾನವೇ. 1869ರಲ್ಲಿ ಮೂಲವಸ್ತುಗಳನ್ನು ಗುಣಾನುಸಾರವಾಗಿ ಸಾಲುಗೊಳಿಸಿದ ರಷ್ಯಾದ ಮೆಂಡಲೀವನು ಹೊಂದುವ ವಸ್ತು ಸಿಗದ ಕಡೆ ಖಾಲಿ ಮನೆಗಳನ್ನು ಬಿಟ್ಟನು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಕಂಡುಬಂದು ಆ ಮನೆಗಳಿಗೆ ಒಕ್ಕಲು ಬಂದವು.

ಅಕ್ಷರಮಾಲೆಯ ಸಾಕ್ಷಿ

ವಿಂಗಡಣೆಯ ಮೇಲಾದ ಮಾದರಿಗಾಗಿ ನಾವು ಪರದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನಿಗೂ ಅದು ಬಾಯಿಪಾಠವಾಗಿದೆ. ನಮ್ಮ ಕನ್ನಡ ಅಕ್ಷರಮಾಲೆಯೇ ಅದು. ಇಂಗ್ಲೀಷಿನ ಎ, ಬಿ, ಸಿ ಎಂಬ ಸಾಲಿನಲ್ಲಿ ಒಂದಾದಮೇಲೆ ಇನ್ನೊಂದು ಏಕೆ ಬಂತೆಂಬುದಕ್ಕೆ ಉಚ್ಚಾರಣೆಯಲ್ಲಿ ಕಾರಣ ಸಿಗದು. ಕನ್ನಡದ ಇಪ್ಪತ್ತೈದು ವರ್ಗೀಯ ವ್ಯಂಜನಗಳಾದರೋ ಐದು ಸಾಲು, ಐದು ಕಂಬಗಳಲ್ಲಿ ಕಾರಣಸಹಿತವಾಗಿ ನಿಂತಿವೆ. ಕ, ಚ, ಟ, ತ, ಪ ಎಂದು ನಿಧಾನವಾಗಿ ನುಡಿದರೆ ಸದ್ದು ಹುಟ್ಟುವ ಸ್ಥಳವು ಗಂಟಲಿನ ಕಡೆಯಿಂದ ಹೊರಟು ತುಟಿಯ ವರೆಗೆ ಬರುವುದನ್ನು ಮಗು ತನ್ನ ಬಾಯಿಯಲ್ಲಿಯೇ ಅನುಭವಿಸುತ್ತದೆ. ಪ, ಬ, ಮ ಎನ್ನುವಾಗ ತುಟಿಗಳು ಮುಚ್ಚುವುದನ್ನು ಕನ್ನಡಿಯಲ್ಲಿ ನೋಡಲಿ. ಬಾಯಿಯ ಮುಂದೆ ತೆಳುಕಾಗದವನ್ನು ಹಿಡಿದು ಪ ಎಂದೂ ಫ ಎಂದೂ ನುಡಿಸಿದರೆ, ಮಹಾಪ್ರಾಣಕ್ಕೆ ಕಾಗದವು ಹೆಚ್ಚು ಅಲುಗುತ್ತದೆ. ಮೂಗು ಹಿಡಿದುಕೊಂಡು ಮ ಎನ್ನಲು ಹೋದರೆ ಸರಿಯಾಗಿ ಬಾರದು. ಅನುನಾಸಿಕವೆಂಬ ಹೆಸರಿನ ಅರ್ಥ ಆಗ ತಿಳಿಯುತ್ತದೆ. ಕವರ್ಗ, ಚವರ್ಗ ಎಂಬಲ್ಲಿಯ ವರ್ಗವೆಂಬ ಪದವೇ ವರ್ಗೀಕರಣವೆಂಬ ಮಾತಿನಲ್ಲಿಯೂ ಇದೆ.

ಇದರಿಂದ ಇನ್ನೊಂದು ವಿಚಾರವು ಮುಂದಕ್ಕೆ ಬರುತ್ತದೆ. ಹೊರನಾಡಿನ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲೀಷಿನಲ್ಲಿಯೋ ಮರಾಠಿ, ಹಿಂದಿ, ತಮಿಳು, ತೆಲುಗುಗಳಲ್ಲಿಯೋ ಓದುವವರು. ಮನೆಯಲ್ಲಿ ಕನ್ನಡವು 'ಬಾ, ಹೋಗು, ಉಣ್ಣು, ಮಲಗು' ಎಂಬಷ್ಟಕ್ಕೆ ಇಳಿದಿರುವುದನ್ನು ಕಂಡು ಕಳವಳಪಡುವ ತಂದೆತಾಯಿಗಳಿದ್ದಾರೆ. ಭಾಷೆಯು ಉಳಿಯುವುದು ಉಪದೇಶದಿಂದಲ್ಲ, ಕೆಲಸವಿದ್ದಾಗ. ಕಾಳುಗಳ ತಟ್ಟೆಯ ಮುಂದೆ ಕುಳಿತ ಮಗುವಿಗೆ ನುಣುಪು, ಒರಟು, ತರಿ, ಗಡಸು, ಮೆದು, ಚಪ್ಪಟೆ, ಗುಂಡಗೆ, ಚೂಪು, ಮೊಂಡು, ಒಗರು, ಘಾಟು, ನಸುಗೆಂಪು, ಕಡುಗೆಂಪು ಎಂಬ ಮಾತುಗಳು ಬೇಕೇಬೇಕಾಗುತ್ತವೆ. ಇಂಗ್ಲೀಷಿನಲ್ಲಿ ರೈಸ್ ಎಂಬ ಒಂದೇ ಹೆಸರಿರುವಲ್ಲಿ ನಮಗೆ ಭತ್ತ, ಅಕ್ಕಿ, ಅನ್ನ ಎಂಬ ಮೂರಿವೆ; ಮಾವು ಒಂದಾದರೂ ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂಬ ನಾಲ್ಕು ಅವಸ್ಥೆಗಳ ಹೆಸರುಗಳಿವೆ. ಇವೆಲ್ಲ ನಮ್ಮ ಹಿರಿಯರು ಕಣ್ಣಿಟ್ಟು ನೋಡಿ ಮಾಡಿದ ವಿಂಗಡಣೆಗಳು. ಮಾತು ಮರೆತರೆ ಅದರೊಡನೆ ಆ ನೋಟವೂ ಮರೆಯಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣನೀತಿಯು, ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯ ವರೆಗೆ ಮನೆಮಾತಿನಲ್ಲಿ ಕಲಿಸುವುದು ಮೇಲೆಂದು ಹೇಳಿದೆ. ದೂರದ ನಗರಗಳಲ್ಲಿ ಶಾಲೆಯು ಅದನ್ನು ನಡೆಸಲಾರದಿದ್ದರೂ, ಈ ಒಂದು ಪಾಠವನ್ನು ಮನೆಮಾತಿನಲ್ಲಿ ನಡೆಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ತಪ್ಪು ವಿಂಗಡಣೆಯ ಬೆಲೆ

ಇದನ್ನು ಬರಿಯ ಮಕ್ಕಳಾಟವೆಂದು ತಳ್ಳಿಹಾಕುವವರು 1998ರಲ್ಲಿ ದೆಹಲಿಯಲ್ಲಿ ನಡೆದುದನ್ನು ಜ್ಞಾಪಿಸಿಕೊಳ್ಳಬೇಕು. ಅರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜವು ಸಾಸಿವೆಯನ್ನು ಬಹಳವಾಗಿ ಹೋಲುತ್ತದೆ. ಅದರ ಎಣ್ಣೆ ಬೆರೆತ ಸಾಸಿವೆಯೆಣ್ಣೆಯನ್ನು ತಿಂದು ಆ ವರ್ಷ ಸಾವಿರಾರು ಜನರು ಕಾಲು ಬಾವು ಬಂದು ಕಾಯಿಲೆ ಬಿದ್ದರು. ಸುಮಾರು 60 ಮಂದಿ ಸತ್ತರು. ಎರಡು ಬೀಜಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಭೇದ ಕಾಣುತ್ತದೆ. ಸಾಸಿವೆಯ ಮೈ ನುಣುಪು, ಇನ್ನೊಂದರದು ಒರಟು. ಒಡೆದರೆ ಸಾಸಿವೆಯ ಒಳಗು ಹಳದಿ, ಇನ್ನೊಂದರದು ಬಿಳಿ. ಕರಿಮೆಣಸಿನಲ್ಲಿ ಪಪಾಯಿಯ ಒಣಬೀಜವನ್ನು ಬೆರೆಸುವವರೂ ಇದ್ದಾರೆ. ನೀರಿಗೆ ಹಾಕಿದರೆ ಬಲಿತ ಮೆಣಸು ಮುಳುಗುತ್ತದೆ, ಪಪಾಯಿಯ ಬೀಜ ತೇಲುತ್ತದೆ. ನೂರಾರು ಜನರಿಗೆ ಅನ್ನವಿಕ್ಕುವ ಉದ್ಯೋಗದಲ್ಲಿರುವ ನಮ್ಮವರಿಗೆ ಇದರ ಮಹತ್ತ್ವವನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ವಸ್ತುಗಳಿಗೆ ಹೇಳಿದ ಈ ಮಾತು ಮನುಷ್ಯರ ವಿಷಯದಲ್ಲಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಮುಂಬಯಿಯಂಥ ನಗರದಲ್ಲಿ ಇಡ್ಲಿ ದೋಸೆ ಮಾರುವವರನ್ನೆಲ್ಲ, ಕನ್ನಡಿಗನೋ ತುಳುವನೋ ಮಲೆಯಾಳಿಯೋ ಎಂದು ಕೇಳದೆ, 'ಮದ್ರಾಸಿ'ಯೆಂಬ ಒಂದೇ ರಾಶಿಗೆ ಹಾಕುವ ವಾಡಿಕೆ ಬಹುಕಾಲವಿತ್ತು. ಆ ಮಾತು ಕಿವಿಗೆ ಬಿದ್ದಾಗ ಆಗುತ್ತಿದ್ದ ನೋವನ್ನು ಹಳೆಯ ತಲೆಮಾರಿನವರು ಬಲ್ಲರು. ಒಂದೇ ಗುರುತನ್ನು ಹಿಡಿದು ಮನುಷ್ಯನನ್ನು ರಾಶಿಗೆ ಸೇರಿಸಿದರೆ ಅವನ ಉಳಿದ ಗುಣಗಳೆಲ್ಲ ಕಣ್ಮರೆಯಾಗುತ್ತವೆ. ನಾವೂ ಪರರನ್ನು ಹಾಗೆ ನೋಡುವುದಿಲ್ಲವೆಂದು ಎದೆತಟ್ಟಿ ಹೇಳುವಂತಿಲ್ಲ. ಗುರುತು ಬದಲಾದರೆ ಗುಂಪು ಬದಲಾಗುವುದೆಂದು ಕಾಳಿನ ತಟ್ಟೆಯಲ್ಲಿ ಕಲಿತ ಮಗು, ಜಾತಿ, ಬಣ್ಣ, ಭಾಷೆಗಳ ಹೆಸರಿನಲ್ಲಿ ಯಾರಾದರೂ ರಾಶಿ ಮಾಡತೊಡಗಿದಾಗ, "ಇದು ಯಾವ ಗುರುತಿನಿಂದ?" ಎಂದು ಕೇಳಬಲ್ಲದು.

ಸಂಸಾರವನ್ನು ಊರಿನಲ್ಲಿಯೇ ಬಿಟ್ಟು, ವರ್ಷಕ್ಕೊಮ್ಮೆ ರಜೆಯಲ್ಲಿ ಮಕ್ಕಳ ಮುಖ ನೋಡುವ ಸೋದರರು ನಮ್ಮ ವಾಚಕರಲ್ಲಿದ್ದಾರೆ. ಅವರಿಗೂ ಈ ಪಾಠದಲ್ಲಿ ಪಾಲಿದೆ. ಕೆಲಸ ಮುಗಿದ ಬಳಿಕ ಫೋನಿನಲ್ಲಿ, "ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು?" ಎಂದು ಮಾತ್ರ ಕೇಳುವ ಬದಲು, "ನಾಳೆ ಹಿತ್ತಿಲಿನಿಂದ ಹತ್ತು ಬಗೆಯ ಎಲೆಗಳನ್ನು ಆಯ್ದು ಗುಂಪು ಮಾಡಿಡು, ಮಗಾ, ರಾತ್ರಿ ನನಗೆ ಹೇಳು" ಎನ್ನಲಿ. ಮರುದಿನ ಮಗು ಎಲೆಯ ಅಂಚು ಗರಗಸದಂತಿದೆಯೆಂದೂ ನರಗಳು ಬಲೆಯಂತಿವೆಯೆಂದೂ ವರ್ಣಿಸತೊಡಗಿದಾಗ, ಐನೂರು ಮೈಲಿಗಳ ಅಂತರವು ಸ್ವಲ್ಪಮಟ್ಟಿಗಾದರೂ ಕಡಮೆಯಾಗುತ್ತದೆ. ಜೊತೆಯಲ್ಲಿರುವವರು ವಾರದ ರಜೆಯ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ಸಾಕು. ತಟ್ಟೆಯ ಕಾಳನ್ನು ಆಮೇಲೆ ಸಾರಿಗೆ ಹಾಕಬಹುದು, ಖರ್ಚೇನೂ ಇಲ್ಲ. ಉಗ್ರಾಣದಲ್ಲಿಯೂ ಕಡತದ ಕಪಾಟಿನ ಮುಂದೆಯೂ ನೀವು ಗಳಿಸಿದ ವಿದ್ಯೆಯನ್ನು ನಿಮ್ಮ ಮಕ್ಕಳಿಗೆ ನಿಮ್ಮ ಮಾತಿನಲ್ಲಿಯೇ ಧಾರೆಯೆರೆಯಿರೆಂಬುದೇ ನಮ್ಮ ಬಿನ್ನಹ.